ಹಳೇ ಪಿಕಪ್‌ಗೆ ಎರಡನೇ ಬ್ಯಾಟರಿ ಕೂಡಿಸುವುದು ಹೇಗೆ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಅಂಗಡಿ ಅಂದರೆ ಏನು, 2009ರ ಬೊಲೆರೊ ಪಿಕಪ್, ಅದಕ್ಕೆ ಎಳೆದು ಕಟ್ಟಿದ ತಾಡಪತ್ರಿ, ನಾಲ್ಕು ಬಲ್ಬು, ಒಂದು ಮೈಕು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಹೆಚ್ಚುಕಮ್ಮಿ ಒಂದು ತಿಂಗಳು ಜಾತ್ರೆ ನಡೆಯುತ್ತದೆ. ನಾಟಕ ಕಂಪನಿಗಳು ಬಂದು ಟೆಂಟ್ ಹಾಕುವುದರಿಂದ ರಾತ್ರಿಯೇ ಜನ ಜಾಸ್ತಿ. ಹಾಗಾಗಿ ಬಲ್ಬು ಆರಿಸುವ ಹಾಗಿಲ್ಲ.

ಒಂದು ವರ್ಷ ಮುಂಜಾನೆ ಐದಕ್ಕೆ ಎದ್ದು ಬಾಗಲಕೋಟೆಗೆ ಮಾಲು ತರಲು ಹೊರಟೆ. ಕೀಲಿ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ರಾತ್ರಿಯೆಲ್ಲ ಬಲ್ಬು ಉರಿಸಿ ಬ್ಯಾಟರಿ ಕೂತುಬಿಟ್ಟಿತ್ತು. ಪಕ್ಕದಲ್ಲಿ ಕಟ್ಟಿಗೆ ಬಾಗಿಲು, ಚೌಕಟ್ಟು ಮಾರುವವರು ಆರು ಜನ ಎದ್ದು ಬಂದು ತಳ್ಳಿದರು. ಸಡಿಲ ಮಣ್ಣು, ಹಿಂದೆ ಪಾತ್ರೆಯ ಭಾರ. ಸೆಕೆಂಡ್ ಗೇರಿಗೆ ಹಾಕಿ ಮೂರನೇ ಸಲ ಕ್ಲಚ್ ಬಿಟ್ಟಾಗ ಎಂಜಿನ್ ಎದ್ದಿತು. ಮರುದಿನವೂ ಅದೇ ಕತೆ. ಮೂರನೇ ದಿನ ನನ್ನ ಮುಖ ಕಂಡಿದ್ದೇ ತಡ, ಅವರು ಚಾದರ ಎಳೆದುಕೊಂಡು ಮಲಗಿದರು.

ಆಮೇಲೆ ಎರಡನೇ ಬ್ಯಾಟರಿಯ ವೈರಿಂಗ್ ಎರಡು ಸಲ ಮಾಡಿದೆ. ಮೊದಲನೆಯದರಿಂದ ಹೊಗೆ ಬಂತು. ಎರಡನೆಯದು ಇವತ್ತಿಗೂ ಓಡುತ್ತಿದೆ. ಎರಡರಲ್ಲೂ ಬ್ಯಾಟರಿ ಒಂದೇ, ಬದಲಾಗಿದ್ದು ನಡುವಿನ ವೈರು, ಫ್ಯೂಸು, ಒಂದು ರಿಲೇ (ಕರೆಂಟಿನಿಂದ ತಾನೇ ಕೂಡಿ ಬಿಡುವ ಸ್ವಿಚ್) ಅಷ್ಟೇ. ಜನ ಬ್ಯಾಟರಿಗೆ ದುಡ್ಡು ಸುರಿದು ವೈರಿನಲ್ಲಿ ಉಳಿಸಲು ನೋಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಮೊದಲು ಗಾಡಿಯ ಜಡ್ಡು ನೋಡಿ

ಮುಂಜಾನೆ ಸೆಲ್ಫ್ ಎಳೆಯದ ಗಾಡಿಗಳಿಗೆಲ್ಲ ಎರಡನೇ ಬ್ಯಾಟರಿ ಬೇಕು ಅಂತೇನಿಲ್ಲ. ಹತ್ತು-ಹದಿನೈದು ವರ್ಷದ ಗಾಡಿಯಲ್ಲಿ ಅರ್ಧ ತೊಂದರೆ ಅರ್ಥಿಂಗ್‌ನಲ್ಲಿಯೇ ಇರುತ್ತದೆ. ಎಂಜಿನ್‌ನಿಂದ ಚಾಸಿಗೆ ಒಂದು ಹೆಣೆದ ಪಟ್ಟಿ ಇರುತ್ತದಲ್ಲ, ಅದು ಹಸಿರುಗಟ್ಟಿ ಪುಡಿಯಾಗಿರುತ್ತದೆ. ಅದನ್ನು ಬದಲಿಸಿ, ಬೋಲ್ಟ್ ಜಾಗ ಉಜ್ಜಿ ಬಿಗಿದರೆ ಸಾಕು, ಎಷ್ಟೋ ಗಾಡಿ ಸರಿಹೋಗುತ್ತವೆ.

ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಸಾದಾದ್ದು ಸಾಕು. ಇದಿಲ್ಲದೆ ಮುಂದಿನ ಯಾವ ಕೆಲಸವನ್ನೂ ಮಾಡಬೇಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಮುಂಜಾನೆ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ ಅರ್ಥ. 12.2 ಬಂದರೆ ಅರ್ಧ ಖಾಲಿ. 11.9 ಇದ್ದರೆ ಬಹುತೇಕ ಮುಗಿದಿದೆ. ಈಗ ಎಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಮೇಲೆಯೇ ಮೀಟರ್ ಹಿಡಿಯಿರಿ. 13.8ರಿಂದ 14.4ರ ನಡುವೆ ಬರಬೇಕು. ಹೆಡ್‌ಲೈಟ್ ಹಾಕಿದರೂ 13.5ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬೆಲ್ಟ್ ಸಡಿಲ ಆಗಿದೆಯಾ ನೋಡಿ. ಅದು ಸರಿ ಇದ್ದರೆ ಡೈನಮೋ ಬಿಚ್ಚಿಸಿ ಬ್ರಷ್ ಮತ್ತು ಡಯೋಡ್ ನೋಡಿಸಿ. ನಾವೆಲ್ಲ ಡೈನಮೋ ಅಂತಲೇ ಕರೆಯುತ್ತೇವೆ, ಅದು ಆಲ್ಟರ್ನೇಟರ್. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಅದು ಎರಡೂ ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸುತ್ತದೆ.

ಇವೆಲ್ಲ ಸರಿ ಇದ್ದೂ ಬ್ಯಾಟರಿ ಕೂರುತ್ತಿದ್ದರೆ, ಗಾಡಿ ನಿಂತಾಗ ನೀವು ಕರೆಂಟ್ ತಿನ್ನುತ್ತಿದ್ದೀರಿ. ಆಗ ಮುಂದಕ್ಕೆ ಓದಿ.

ಎಷ್ಟು ಬೇಕು ಅನ್ನುವ ಲೆಕ್ಕ

ನಮ್ಮ ಅಂಗಡಿಯ ಲೆಕ್ಕವನ್ನೇ ಹೇಳುತ್ತೇನೆ. 12 ವ್ಯಾಟಿನ ನಾಲ್ಕು ಎಲ್‌ಇಡಿ, 48 ವ್ಯಾಟ್. ಮೈಕಿನ ಆಂಪ್ಲಿಫೈಯರ್ ಮೇಲೆ ಎಷ್ಟೇ ಬರೆದಿರಲಿ, ಮಾತಾಡುವಾಗ ಸರಾಸರಿ 35 ವ್ಯಾಟ್ ಹಿಡಿಯಿರಿ. ಸಣ್ಣ ಫ್ಯಾನು 20. ಮೊಬೈಲ್ ಚಾರ್ಜಿಂಗ್ 10. ಒಟ್ಟು 113 ವ್ಯಾಟ್. 12ರಿಂದ ಭಾಗಿಸಿದರೆ ಹೆಚ್ಚುಕಮ್ಮಿ 9.4 ಆಂಪ್. ಸಂಜೆ ಆರರಿಂದ ರಾತ್ರಿ ಹನ್ನೊಂದು, ಐದು ತಾಸು. ಅಲ್ಲಿಗೆ 47 ಆಂಪ್-ಅವರ್.

ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿದರೆ ಅವತ್ತು ಏನೂ ಆಗುವುದಿಲ್ಲ, ಆದರೆ ಅದರ ಆಯುಸ್ಸು ಹೋಗುತ್ತದೆ. ಹಾಗಾಗಿ 47 ಬೇಕಿದ್ದರೆ 100 ಆಂಪ್-ಅವರ್ ಬ್ಯಾಟರಿ ಬೇಕು. ಮೊದಲು ಈ 47ನ್ನು ಗಾಡಿಯದೇ ಬ್ಯಾಟರಿಯಿಂದ ತೆಗೆಯುತ್ತಿದ್ದೆವು. ಜನವರಿಯ ಚಳಿಯಲ್ಲಿ ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರು 200 ಆಂಪ್‌ಗೂ ಜಾಸ್ತಿ ಕೇಳುತ್ತದೆ. ಅರ್ಧ ಖಾಲಿಯಾದ ಬ್ಯಾಟರಿ ಅದನ್ನು ಎಲ್ಲಿಂದ ಕೊಡಬೇಕು?

ಒಂದು ಮಾತು. ಇನ್ವರ್ಟರ್ ಇಟ್ಟು 230 ವೋಲ್ಟ್ ಮಾಡಿ ಮನೆಯ ಬಲ್ಬು ಉರಿಸಬೇಡಿ. ಅದರಲ್ಲಿಯೇ ನೂರಕ್ಕೆ ಹತ್ತು-ಹದಿನೈದು ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. 12 ವೋಲ್ಟಿನ ಎಲ್‌ಇಡಿ ಎಲ್ಲ ಕಡೆ ಸಿಗುತ್ತವೆ.

ಯಾವ ಬ್ಯಾಟರಿ

ಗಾಡಿ ಎಬ್ಬಿಸುವ ಬ್ಯಾಟರಿಯ ಒಳಗೆ ತೆಳ್ಳನೆಯ ಪ್ಲೇಟುಗಳು ಬಹಳ ಇರುತ್ತವೆ. ನಾಲ್ಕು ಸೆಕೆಂಡು ಜೋರಾಗಿ ಕೊಡುವುದೇ ಅದರ ಕೆಲಸ. ದಿನಾ ಅರ್ಧ ಖಾಲಿ ಮಾಡಿದರೆ ಒಂದೇ ವರ್ಷದಲ್ಲಿ ಕೈ ಎತ್ತಬಹುದು. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿಯ ಪ್ಲೇಟು ದಪ್ಪ. ನಿಧಾನವಾಗಿ ತಾಸುಗಟ್ಟಲೆ ಕೊಡುತ್ತದೆ, ಮತ್ತೆ ಮತ್ತೆ ಖಾಲಿಯಾಗಿ ತುಂಬುವುದನ್ನು ತಡೆಯುತ್ತದೆ. ನಾನು ಹಾಕಿದ್ದು ಅದೇ, 100 ಆಂಪ್-ಅವರ್. ಎತ್ತರ ಜಾಸ್ತಿ, ಭಾರ ಮೂವತ್ತು-ನಲವತ್ತು ಕೆ.ಜಿ. ಯಾವಾಗಲೂ ನೆಟ್ಟಗೆ ನಿಂತಿರಬೇಕು. ಬಿಗಿಯಾಗಿ ಕೂಡಿಸದಿದ್ದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ಒಳಗಿನ ಪ್ಲೇಟು ಉದುರುತ್ತವೆ.

ಮುಚ್ಚಿದ ಬ್ಯಾಟರಿ, ಅಂದರೆ ಯುಪಿಎಸ್ ಒಳಗಿನ ತರಹದ್ದು, ನೀರು ಹಾಕುವ ಗೋಜಿಲ್ಲ ಅಂತ ಹಲವರಿಗೆ ಇಷ್ಟ. ಆದರೆ ಅದಕ್ಕೆ ಬಿಸಿ ಒಗ್ಗುವುದಿಲ್ಲ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ನೋಡಿದವರಿಗೆ ನೆರಳಲ್ಲೇ 40 ದಾಟುವುದು ಗೊತ್ತು. ಬಾನೆಟ್ ಒಳಗಂತೂ ಬೇಡವೇ ಬೇಡ.

ಲಿಥಿಯಂ ಹಗುರ, ಒಳ್ಳೆಯದು. ಆದರೆ ಹಳೇ ಡೈನಮೋಗೆ ನೇರವಾಗಿ ಜೋಡಿಸಿದರೆ ಅದು ಸಿಕ್ಕಷ್ಟೂ ಎಳೆದು ಡೈನಮೋ ಸುಡುತ್ತದೆ. ಲಿಥಿಯಂ ಬೇಕೇ ಬೇಕಾದರೆ ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಬೇಕು. ಹೊಸ ಬಿಎಸ್-6 ಗಾಡಿಗಳಿಗೂ ಅದೇ ದಾರಿ, ಅವುಗಳಲ್ಲಿ ಹಲವದರ ಡೈನಮೋ ವೋಲ್ಟೇಜನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತಿರುತ್ತದೆ. ನಮ್ಮಂಥ ಹಳೇ ಗಾಡಿಗೆ ಆ ತಲೆನೋವಿಲ್ಲ.

ಇನ್ನು ಮನೆಯ ಮೂಲೆಯಲ್ಲಿ ಬಿದ್ದ ಹಳೇ ಬ್ಯಾಟರಿ. ಇದೆಯಲ್ಲ, ಅದನ್ನೇ ಹಾಕೋಣ ಅನಿಸುತ್ತದೆ. ಅದರ ಒಂದು ಸೆಲ್ ಸತ್ತಿದ್ದರೆ ಡೈನಮೋ ಕೊಡುವುದನ್ನೆಲ್ಲ ಅದೇ ನುಂಗಿ ಗಾಡಿಯ ಮುಂಭಾಗದ ಒಳ್ಳೇ ಬ್ಯಾಟರಿಯನ್ನೂ ಉಪವಾಸ ಕೆಡವುತ್ತದೆ. ಗುಜರಿಗೆ ಕೊಡಿ.

ನಡುವಿನ ತೂಬು

ಎರಡೂ ಬ್ಯಾಟರಿಗಳನ್ನು ಸುಮ್ನೆ ವೈರ್ ಎಳೆದು ಕೂಡಿಸಿದರೆ ಅವು ಒಂದೇ ದೊಡ್ಡ ಬ್ಯಾಟರಿ ಆಗುತ್ತವೆ. ಆಗ ರಾತ್ರಿ ಎರಡೂ ಒಟ್ಟಿಗೆ ಖಾಲಿ. ನಮಗೆ ಬೇಕಾದ್ದು ಕಾಲುವೆಯ ತೂಬಿನ ಹಾಗೆ. ಎಂಜಿನ್ ಓಡುವಾಗ ತೆರೆದಿರಬೇಕು, ನಿಂತಾಗ ಮುಚ್ಚಿರಬೇಕು.

ಕೈಯಿಂದ ತಿರುಗಿಸುವ ದೊಡ್ಡ ಸ್ವಿಚ್ ಎಲ್ಲಕ್ಕಿಂತ ಅಗ್ಗ. ಕೆಡುವುದೂ ಇಲ್ಲ. ಕೆಡುವುದು ನಮ್ಮ ನೆನಪು. ವ್ಯಾಪಾರ ಮುಗಿಸಿ ಕಣ್ಣು ಎಳೆಯುವಾಗ ಸ್ವಿಚ್ ಯಾರಿಗೆ ನೆನಪಿರುತ್ತದೆ?

ಎರಡನೆಯದು ಸಾದಾ ದೊಡ್ಡ ರಿಲೇ. ಇದರಲ್ಲಿ ಜನ ಮಾಡುವ ತಪ್ಪು ಅಂದರೆ ಸೆಲ್ಫ್ ಮೋಟಾರಿನ ಸೋಲೆನಾಯ್ಡ್ ತಂದು ಹಾಕುವುದು. ಅದು ನಾಲ್ಕೈದು ಸೆಕೆಂಡಿಗೆ ಮಾಡಿದ್ದು, ತಾಸುಗಟ್ಟಲೆ ಹಿಡಿದರೆ ಕಾಯಿಲ್ ಸುಡುತ್ತದೆ. ಸದಾ ಚಾಲೂ ಇರಲು ಮಾಡಿದ್ದೇ ಬೇಕು ಅಂತ ಅಂಗಡಿಯಲ್ಲಿ ಕೇಳಿ. ಇನ್ನೊಂದು, ಅದರ ಕಾಯಿಲ್ ವೈರನ್ನು ಇಗ್ನಿಷನ್‌ಗೆ ಕೊಟ್ಟರೆ ಸೆಲ್ಫ್ ಹೊಡೆಯುವಾಗಲೂ ಎರಡು ಬ್ಯಾಟರಿ ಕೂಡಿಕೊಂಡು ಅಷ್ಟೂ ಕರೆಂಟು ಆ ವೈರಿನಲ್ಲಿ ನುಗ್ಗಲು ನೋಡುತ್ತದೆ. ಫ್ಯೂಸ್ ಹಾರುವುದು ಅದಕ್ಕೇ.

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಐಸೊಲೇಟರ್ ಅಂತ ಇನ್ನೊಂದಿದೆ. ಅದರಲ್ಲಿ ಸುಮಾರು 0.7 ವೋಲ್ಟ್ ಹಾಳಾಗುತ್ತದೆ, ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ನನಗೆ ಹಿಡಿಸಲಿಲ್ಲ.

ನಾನು ಹಾಕಿದ್ದು ವೋಲ್ಟೇಜ್ ನೋಡಿ ತಾನೇ ಕೂಡಿ ಬಿಡುವ ರಿಲೇ, ವಿಎಸ್‌ಆರ್ ಅನ್ನುತ್ತಾರೆ. ಮುಂದಿನ ಬ್ಯಾಟರಿಯ (ಗಾಡಿಯದೇ ಬ್ಯಾಟರಿ) ವೋಲ್ಟೇಜ್ 13.3 ದಾಟಿದರೆ ಡೈನಮೋ ಓಡುತ್ತಿದೆ ಅಂತ ತಿಳಿದು ಕೂಡಿಸುತ್ತದೆ. 12.8ಕ್ಕೆ ಇಳಿದರೆ ಬಿಡುತ್ತದೆ. ಕಂಪನಿಯಿಂದ ಕಂಪನಿಗೆ ಈ ಅಂಕಿ ಚೂರು ಆಚೆ ಈಚೆ ಇರುತ್ತವೆ. ಇದರಿಂದ ಇನ್ನೊಂದು ಲಾಭ ಇದೆ. ಮುಂದಿನ ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡ ಮೇಲೆಯೇ ಹಿಂದಿನದಕ್ಕೆ, ಅಂದರೆ ನಾವು ಕೂಡಿಸಿದ ಎರಡನೆಯದಕ್ಕೆ, ಪಾಲು ಸಿಗುತ್ತದೆ. ಎರಡು ಬ್ಯಾಟರಿಯ ಆಂಪ್, ವಯಸ್ಸು ಬೇರೆ ಬೇರೆ ಇದ್ದರೂ ಇದರಲ್ಲಿ ನಡೆಯುತ್ತದೆ, ಏಕೆಂದರೆ ಚಾರ್ಜ್ ಆಗುವಾಗ ಮಾತ್ರ ಅವು ಕೂಡಿರುತ್ತವೆ. 100 ಆಂಪ್ ಮೇಲಿನದ್ದು ತಗೊಳ್ಳಿ.

ವೈರು: ಇಲ್ಲಿ ಜಿಪುಣತನ ಬೇಡ

ಮೊದಲ ಸಲ ನಾನು ಹಾಕಿದ್ದು ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ವೈರು. ಫ್ಯೂಸ್ ಇಲ್ಲ. ಕ್ಯಾಬಿನ್ ಕೆಳಗಿನ ತಗಡಿನ ತೂತಿನಿಂದ ಹಾಗೇ ತೂರಿಸಿದ್ದೆ. ಹುಬ್ಬಳ್ಳಿಯಿಂದ ಮಾಲು ತುಂಬಿಕೊಂಡು ಬರುವಾಗ ಕುಳಗೇರಿ ಕ್ರಾಸ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸೀಟಿನ ಕೆಳಗಿಂದ ಹೊಗೆ. ತಗಡಿನ ಅಂಚು ವೈರಿನ ಸಿಪ್ಪೆ ಕೊರೆದು ತಾಮ್ರ ಬಾಡಿಗೆ ತಾಗಿತ್ತು. ಪಾನಾ ಹುಡುಕುವಷ್ಟರಲ್ಲಿ ವೈರು ಕೆಂಪಗೆ ಕಾದು ಮ್ಯಾಟಿನಲ್ಲಿ ಗೆರೆ ಕೊರೆದಿತ್ತು. ಬ್ಯಾಟರಿಯ ಮೈನಸ್ ಕಿತ್ತು ಬಿಸಾಕಿದೆ, ಅಷ್ಟಕ್ಕೇ ನಿಂತಿತು. ಆ ಗೆರೆ ಇವತ್ತಿಗೂ ಮ್ಯಾಟಿನ ಮೇಲಿದೆ. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಬೆಂಕಿ ಹೊತ್ತದಿದ್ದರೂ ಸಣ್ಣ ವೈರು ಕೆಲಸ ಮಾಡುವುದಿಲ್ಲ. ಮುಂದಿನಿಂದ ಹಿಂದಕ್ಕೆ 5 ಮೀಟರ್, ವಾಪಸ್ ಬರುವ ಮೈನಸ್ 5 ಮೀಟರ್, ಒಟ್ಟು 10 ಮೀಟರ್ ಹಿಡಿಯಿರಿ. ಇದರಲ್ಲಿ 40 ಆಂಪ್ ಹರಿದರೆ 6 ಸ್ಕ್ವೇರ್ ವೈರಿನಲ್ಲಿ ಸುಮಾರು 1.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಡೈನಮೋ 14.2 ಕೊಟ್ಟರೆ ಹಿಂದೆ ಸಿಗುವುದು 13. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ. 16 ಸ್ಕ್ವೇರ್ ಆದರೆ 0.44, 25 ಸ್ಕ್ವೇರ್ ಆದರೆ 0.28 ವೋಲ್ಟ್ ಮಾತ್ರ ಹೋಗುತ್ತದೆ. ನಾನು 25 ಹಾಕಿದೆ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ವೆಲ್ಡಿಂಗ್ ಕೇಬಲ್. ಎಳೆ ಸಣ್ಣ, ಹಾವಿನ ಹಾಗೆ ಬಾಗುತ್ತದೆ, ಕುಲುಕಾಟಕ್ಕೆ ಮುರಿಯುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳೇ ತುಂಬಿರುವುದರಿಂದ ಅತ್ತ ಹೋದಾಗ ತಂದುಬಿಡಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಅದರ ಹೊದಿಕೆಗೆ ಡೀಸೆಲ್, ಎಣ್ಣೆ ತಾಗದ ಹಾಗೆ ಮೇಲೊಂದು ಪೈಪ್ ಹಾಕಬೇಕು, ಅಷ್ಟೇ.

ಒಂದು ಮೋಸ ಗೊತ್ತಿರಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಬಣ್ಣ ಹತ್ತಿಸಿದ ಕೇಬಲ್ ಮಾರುತ್ತಾರೆ. ನೋಡಲು ಒಂದೇ ತರಹ. ಒಂದು ಎಳೆ ಹಿಡಿದು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಅಥವಾ ತೂಗಿ. 25 ಸ್ಕ್ವೇರ್ ಶುದ್ಧ ತಾಮ್ರ ಒಂದು ಮೀಟರ್ ಅಂದರೆ ರಬ್ಬರ್ ಬಿಟ್ಟೇ 220 ಗ್ರಾಂ ತೂಗಬೇಕು. ರಬ್ಬರ್ ಸೇರಿಸಿಯೂ ಅಷ್ಟು ಬರಲಿಲ್ಲ ಅಂದರೆ ಸುತ್ತಿ ವಾಪಸ್ ಕೊಡಿ. ನಾನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಕೇಬಲ್ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ತುದಿಗೆ ತಾಮ್ರದ ಲಗ್ (ಬೋಲ್ಟ್ ತೂತಿರುವ ತುದಿ) ಹಾಕಿ, ಲಗ್ ಒತ್ತುವ ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಿ. ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಇರುತ್ತದೆ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ಗು ಆರು ತಿಂಗಳಿಗೆ ಸಡಿಲಾಗಿ ಬಿಸಿಯಾಗುತ್ತದೆ. ಮೇಲೆ ಹೀಟ್-ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ತೊಡಿಸಿ.

ಈಗ ಫ್ಯೂಸ್. ಫ್ಯೂಸ್ ಇರುವುದು ಬ್ಯಾಟರಿ ಕಾಯಲು ಅಲ್ಲ, ವೈರು ಕಾಯಲು. ಮಾಮೂಲಿ ವೈರಿಗೆ ಒಂದು ಕಡೆಯಿಂದ ಕರೆಂಟ್ ಬರುತ್ತದೆ. ನಮ್ಮ ಕೇಬಲ್‌ಗೆ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ನಡುವೆ ಎಲ್ಲೇ ಬಾಡಿಗೆ ತಾಗಿದರೂ ಎರಡೂ ಕಡೆಯಿಂದ ನುಗ್ಗುತ್ತದೆ. ಹಾಗಾಗಿ ಎರಡು ಫ್ಯೂಸ್ ಬೇಕು, ಪ್ರತಿ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೆ. 25 ಸ್ಕ್ವೇರ್ ಕೇಬಲ್‌ಗೆ 100 ಆಂಪ್‌ದು, 16ಕ್ಕೆ 60 ಅಥವಾ 80. ಬೋಲ್ಟ್ ಹಾಕಿ ಬಿಗಿಯುವ ಮಿಡಿ ಅಥವಾ ಎಎನ್‌ಎಲ್ ಫ್ಯೂಸ್ ತಗೊಳ್ಳಿ, ಕಾರ್ ಆಡಿಯೊ ಅಂಗಡಿಯಲ್ಲಿ ಸಿಗುತ್ತವೆ. ಫ್ಯೂಸ್ ಹಾರಿತು ಅಂತ ತಂತಿ ಸುತ್ತಿ ಕೂಡಿಸುವ ಚಾಳಿ ನಮ್ಮ ಕಡೆ ಬಹಳ. ಅದು ಬೇಡ.

ಕೂಡಿಸುವ ದಿನ

ಹಗಲು ಹೊತ್ತಲ್ಲಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಕೈಯ ಕಡಗ, ಉಂಗುರ ತೆಗೆದಿಡಿ. ಪ್ಲಸ್‌ಗೂ ಬಾಡಿಗೂ ನಡುವೆ ಕಡಗ ಸಿಕ್ಕರೆ ಮಾಂಸ ಸುಡುತ್ತದೆ. ಪಾನಾದ ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿ. ಬೀಡಿ-ಸಿಗರೇಟ್ ದೂರ ಇರಲಿ, ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಹತ್ತಿರ ಒಂದು ಬಕೆಟ್ ನೀರು ಇಡಿ. ಆ್ಯಸಿಡ್ ಕಣ್ಣಿಗೆ ಹಾರಿದರೆ ಹದಿನೈದು-ಇಪ್ಪತ್ತು ನಿಮಿಷ ನೀರು ಬಿಟ್ಟು ತೊಳೆದು ಡಾಕ್ಟರ್ ಹತ್ತಿರ ಓಡಬೇಕು.

1. ಗಾಡಿಯ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಯಾವಾಗಲೂ ಮೈನಸ್ ಮೊದಲು ಬಿಚ್ಚುವುದು, ಕೊನೆಗೆ ಹಾಕುವುದು. ಮೈನಸ್ ಬಿಚ್ಚಿದ್ದರೆ ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಕಿಡಿ ಬರುವುದಿಲ್ಲ.

2. ಬ್ಯಾಟರಿ ಕೂರಿಸುವ ಚೌಕಟ್ಟು ಮಾಡಿಸಿ. ನಮ್ಮದು ಡಾಲಾದ (ಹಿಂದೆ ಮಾಲು ತುಂಬುವ ಜಾಗ) ಮುಂದಿನ ಎಡ ಮೂಲೆಯಲ್ಲಿ, ಕ್ಯಾಬಿನ್ ಬೆನ್ನಿಗೆ. ಸೈಲೆನ್ಸರ್ ಹಾಯುವ ಬದಿ ಬಿಟ್ಟು ಇನ್ನೊಂದು ಬದಿ ನೋಡಿಕೊಳ್ಳಿ. ಕ್ಯಾಬಿನ್ ಒಳಗೆ ಮಾತ್ರ ಬೇಡ. ಎಲ್-ಆಂಗಲ್ ಕತ್ತರಿಸಿ ನಾಲ್ಕೂ ಕಡೆ ಒತ್ತುವ ಹಾಗೆ ಮಾಡಿಸಿ, ಕೆಳಗೆ ಹಳೇ ಟ್ಯೂಬಿನ ರಬ್ಬರ್ ಹಾಸಿ. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಜೊತೆಗೆ ಡೈನಮೋದ ವೈರನ್ನೂ ಕಳಚಿ, ಇಲ್ಲದಿದ್ದರೆ ಅದರ ಡಯೋಡ್ ಹೋಗುತ್ತದೆ. ಬ್ಯಾಟರಿ ಇಟ್ಟ ಮೇಲೆ ವೆಲ್ಡಿಂಗ್ ಬೇಡ. ಮೇಲಿಂದ ಪಟ್ಟಿ ಹಾಕಿ ಎರಡು ಉದ್ದ ಬೋಲ್ಟಿನಿಂದ ಬಿಗಿಯಿರಿ. ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದರೆ ಬ್ಯಾಟರಿ ಅಲ್ಲ, ಗಾಡಿ ಅಲುಗಬೇಕು.

3. ಮೇಲೊಂದು ಪ್ಲೈವುಡ್ ಮುಚ್ಚಳ, ಗಾಳಿಗೆ ತೂತು. ನಮ್ಮ ಮಾಲು ಸ್ಟೀಲ್ ಪಾತ್ರೆ, ಒಂದು ಸವಟು ಜಾರಿ ಪ್ಲಸ್-ಮೈನಸ್ ಮೇಲೆ ಅಡ್ಡ ಬಿದ್ದರೆ ಮುಗಿಯಿತು.

4. ವಿಎಸ್‌ಆರ್ ಅನ್ನು ಮುಂದಿನ ಬ್ಯಾಟರಿಯ ಹತ್ತಿರ, ನೀರು ಸಿಡಿಯದ, ಎಂಜಿನ್ ಬಿಸಿ ತಾಗದ ಕಡೆ ಬಿಗಿಯಿರಿ.

5. ಕೇಬಲ್ ಎಳೆಯಿರಿ. ಚಾಸಿಯ ಒಳಬದಿಯಿಂದ, ಡೀಸೆಲ್ ಪೈಪು, ಬ್ರೇಕ್ ಪೈಪು ಬಿಟ್ಟು. ತಗಡಿನ ತೂತು ಬಂದಲ್ಲೆಲ್ಲ ರಬ್ಬರ್ ಗ್ರೊಮೆಟ್ (ಅಂಚಿಗೆ ಕೂರುವ ಬಳೆ). ಪೂರ್ತಿ ಉದ್ದಕ್ಕೆ ಕೊರಗೇಟೆಡ್ ಪೈಪ್. ಒಂದೂವರೆ ಗೇಣಿಗೊಂದು ಕ್ಲಿಪ್ ಅಥವಾ ಟೈ. ನೇತಾಡಬಾರದು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಹೋಗಬೇಕಲ್ವಾ, ಅಲ್ಲಿ ಇನ್‌ಸ್ಪೆಕ್ಟರ್ ಕಣ್ಣಿಗೆ ಮೊದಲು ಬೀಳುವುದೇ ನೇತಾಡುವ ವೈರು.

6. ಜೋಡಣೆ ಹೀಗೆ: ಮುಂದಿನ ಬ್ಯಾಟರಿಯ ಪ್ಲಸ್, ಅಲ್ಲಿಂದ ಮೊದಲ ಫ್ಯೂಸ್, ಅಲ್ಲಿಂದ ವಿಎಸ್‌ಆರ್‌ನ ಒಂದು ಬೋಲ್ಟ್. ಇನ್ನೊಂದು ಬೋಲ್ಟಿನಿಂದ ಉದ್ದ ಕೇಬಲ್, ಎರಡನೇ ಫ್ಯೂಸ್, ಹಿಂದಿನ ಬ್ಯಾಟರಿಯ ಪ್ಲಸ್. ವಿಎಸ್‌ಆರ್‌ನ ಸಣ್ಣ ಕಪ್ಪು ವೈರು ಬಾಡಿ ಅರ್ಥ್‌ಗೆ. ಫ್ಯೂಸ್ ಪಟ್ಟಿಗಳನ್ನು ಈಗಲೇ ಹಾಕಬೇಡಿ.

7. ಹಿಂದಿನ ಮೈನಸ್. ಚಾಸಿಯ ಗಟ್ಟಿ ಕಬ್ಬಿಣಕ್ಕೆ, ಬಣ್ಣ ಕೆರೆದು ಬೆಳ್ಳಿ ಹಾಗೆ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ 8 ಅಥವಾ 10 ಎಂಎಂ ಬೋಲ್ಟಿನಿಂದ ಬಿಗಿಯಿರಿ. ಡಾಲಾದ ತಗಡಿಗೆ ಬೇಡ, ಅದು ರಬ್ಬರ್ ಮೇಲೆ ಕೂತಿರುತ್ತದೆ, ತುಕ್ಕೂ ಹಿಡಿದಿರುತ್ತದೆ. ಗಾಡಿ ಬಹಳ ಹಳೆಯದಾದರೆ ಮುಂದಿನ ಮೈನಸ್‌ವರೆಗೆ ಇನ್ನೊಂದು 25ರ ಕೇಬಲ್ ಎಳೆದುಬಿಡಿ. ನಾನು ಹಾಗೇ ಮಾಡಿದ್ದು.

8. ಬಲ್ಬು, ಮೈಕು, ಫ್ಯಾನಿನ ವೈರು ಎಲ್ಲವೂ ಹಿಂದಿನ ಬ್ಯಾಟರಿಯಿಂದಲೇ. ಅದಕ್ಕೊಂದು ಸಣ್ಣ ಫ್ಯೂಸ್ ಬಾಕ್ಸ್, ಲೈಟಿಗೆ 10 ಆಂಪ್, ಮೈಕಿಗೆ 10 ಆಂಪ್, ಮಿಕ್ಕಿದ್ದಕ್ಕೆ 5. ಜೊತೆಗೆ ವೋಲ್ಟೇಜ್ ಇಳಿದರೆ ತಾನೇ ಬಂದ್ ಮಾಡುವ ಕಟ್-ಆಫ್ ಒಂದನ್ನು ಹಾಕಿ 12.0ಕ್ಕೆ ಸೆಟ್ ಮಾಡಿ. ಮಾಲೀಕ ಇದ್ದಾಗ ಎಲ್ಲರೂ ನೋಡುತ್ತಾರೆ. ಊಟಕ್ಕೆ ಹೋದಾಗ ಹುಡುಗರು ಮೈಕಿನಲ್ಲಿ ಹಾಡು ಹಾಕುತ್ತಾರೆ.

ಒಂದು ಎಚ್ಚರಿಕೆ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ, ಆದರೆ ಅವು ಒಂದರ ಹಿಂದೆ ಒಂದು ಕೂಡಿ 24 ವೋಲ್ಟ್ ಆಗಿರುತ್ತವೆ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ. ಲಾರಿ ಕೆಲಸ ಮಾಡಿದ ಕೈ ಅಭ್ಯಾಸಬಲದಿಂದ ಹಾಗೆ ಜೋಡಿಸಿದರೆ ನಿಮ್ಮ ಪಿಕಪ್ಪಿನ ಬಲ್ಬಿನಿಂದ ಹಿಡಿದು ಎಲ್ಲವೂ ಹೊಗೆ. ನಮ್ಮದರಲ್ಲಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಕೆಲಸ ಬೇರೆಯವರಿಂದ ಮಾಡಿಸಿದರೂ ಇದೊಂದನ್ನು ನಿಂತು ನೋಡಿ.

ಎಲ್ಲ ಮುಗಿದ ಮೇಲೆ ಮುಂದಿನ ಮೈನಸ್ ಹಾಕಿ. ಆಮೇಲೆ ಫ್ಯೂಸ್ ಪಟ್ಟಿಗಳು, ಒಂದಾದ ಮೇಲೆ ಒಂದು.

ಸರಿಯಾಗಿದೆಯಾ ನೋಡುವುದು

ಎಂಜಿನ್ ಬಂದ್ ಇದ್ದಾಗ ಎರಡೂ ಬ್ಯಾಟರಿಯ ವೋಲ್ಟೇಜ್ ಬರೆದುಕೊಳ್ಳಿ. ಎರಡರಲ್ಲಿ ಚೂರಾದರೂ ಬೇರೆ ಅಂಕಿ ಬರಬೇಕು. ಕೊನೆಯ ಅಂಕಿವರೆಗೂ ಒಂದೇ ಬಂದರೆ ರಿಲೇ ಕೂಡಿಯೇ ಇದೆ ಅಂತ ಅನುಮಾನಪಡಿ. ಬಲ್ಬೆಲ್ಲ ಹಚ್ಚಿ, ಹಿಂದಿನದು ಮಾತ್ರ ಇಳಿಯಬೇಕು, ಮುಂದಿನದು ಕದಲಬಾರದು.

ಈಗ ಎಂಜಿನ್ ಚಾಲೂ ಮಾಡಿ. ಸ್ವಲ್ಪ ಹೊತ್ತಿಗೆ ವಿಎಸ್‌ಆರ್ 'ಟಕ್' ಅನ್ನುತ್ತದೆ. ಈ ಟಕ್ ಕೇಳಿದರೆ ಖುಷಿಪಡಿ. ಹಿಂದಿನ ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ 13.5 ಮೇಲೆ ಬರಬೇಕು. ಮುಂದಿನದಕ್ಕೂ ಹಿಂದಿನದಕ್ಕೂ 0.3 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ಒಂದು ಲಗ್ಗು ಸಡಿಲ. ಹತ್ತು ನಿಮಿಷ ಓಡಿಸಿ ಪ್ರತಿ ಜೋಡಣೆಯ ಮೇಲೆ ಬೆರಳಿಟ್ಟು ನೋಡಿ. ಬಿಸಿ ಇರುವ ಕಡೆಯೇ ರೋಗ.

ಎಂಜಿನ್ ಬಂದ್ ಮಾಡಿದ ತಕ್ಷಣ ರಿಲೇ ಬಿಡುವುದಿಲ್ಲ. ತುಂಬಿದ ಬ್ಯಾಟರಿ ಕೆಲವು ನಿಮಿಷ 12.8ರ ಮೇಲೇ ನಿಂತಿರುತ್ತದೆ. ಗಾಬರಿ ಬೇಡ.

ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಹಿಂದಿನ ಬ್ಯಾಟರಿಯ ಮೈನಸ್ ಬಿಚ್ಚಿ ನಡುವೆ ಮೀಟರ್ ಅನ್ನು ಆಂಪ್‌ನಲ್ಲಿ ಇಟ್ಟರೆ ಸೋರಿಕೆ ಗೊತ್ತಾಗುತ್ತದೆ. 50 ಮಿಲಿ ಆಂಪ್ ಒಳಗೆ ಇದ್ದರೆ ಚಿಂತೆ ಇಲ್ಲ. ಈ ಹೊತ್ತಲ್ಲಿ ಯಾರೂ ಬಲ್ಬು ಹಚ್ಚದಂತೆ, ಎಂಜಿನ್ ಚಾಲೂ ಮಾಡದಂತೆ ನೋಡಿಕೊಳ್ಳಿ. ಹಚ್ಚಿದರೆ ಮೀಟರ್‌ನ ಫ್ಯೂಸ್ ಹೋಗುತ್ತದೆ.

ಬ್ಯಾಟರಿ ಬಾವಿಯಲ್ಲ, ಕೊಡ

ತೋಡಿದಷ್ಟು ತುಂಬಬೇಕು. ರಾತ್ರಿ 47 ಆಂಪ್-ಅವರ್ ತೆಗೆದರೆ ಮರುದಿನ 55ರಷ್ಟು ಹಾಕಬೇಕು, ನಡುವೆ ಅಷ್ಟು ನಷ್ಟ ಆಗುತ್ತದೆ. ಲೆಡ್ ಬ್ಯಾಟರಿ ಮೊದಮೊದಲು ಗಟಗಟ ಕುಡಿಯುತ್ತದೆ, ಕೊನೆಯ ಐದನೇ ಒಂದು ಪಾಲಿಗೆ ತಾಸುಗಟ್ಟಲೆ ಹಿಡಿಯುತ್ತದೆ. ಬಾಗಲಕೋಟೆಯಿಂದ ಕೊರ್ತಿ-ಕೊಲ್ಹಾರ ಸೇತುವೆ ದಾಟಿ ವಿಜಯಪುರಕ್ಕೆ ಸುಮಾರು 80 ಕಿ.ಮೀ., ಎರಡು ತಾಸಿನ ದಾರಿ. ಅಷ್ಟರಲ್ಲಿ ಹೆಚ್ಚಿನ ಪಾಲು ತುಂಬುತ್ತದೆ, ಪೂರ್ತಿ ಅಲ್ಲ. ನಿಂತಲ್ಲೇ ಎಂಜಿನ್ ಓಡಿಸಿ ತುಂಬಿಸುವುದು ದಡ್ಡತನ. ಐಡಲಿಂಗ್‌ನಲ್ಲಿ ಡೈನಮೋ ಪೂರ್ತಿ ಕೊಡುವುದಿಲ್ಲ, ಡೀಸೆಲ್ ಹೊಗೆ ಗಿರಾಕಿಗಳ ಮೂಗಿಗೆ.

ಜಾತ್ರೆಯಲ್ಲಿ ಗಾಡಿ ದಿನಗಟ್ಟಲೆ ನಿಲ್ಲುವುದಾದರೆ ಕ್ಯಾಬಿನ್ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಮತ್ತು 20 ಆಂಪ್ ಚಾರ್ಜ್ ಕಂಟ್ರೋಲರ್ ಹಾಕಿ. ಜನವರಿಯಲ್ಲಿ ನಮ್ಮ ಕಡೆ ಮೋಡ ಕಡಿಮೆ, ಒಳ್ಳೇ ಬಿಸಿಲಿನ ದಿನ ಐವತ್ತರ ಆಸುಪಾಸು ಆಂಪ್-ಅವರ್ ಬರುತ್ತದೆ. ಸಂಜೆ ಪ್ಯಾನೆಲ್ ಒರೆಸಿ, ಜಾತ್ರೆಯ ಧೂಳು ಕೂತರೆ ಅರ್ಧ ಹೋಯಿತು. ನನಗೆ ಜನರೇಟರ್‌ಗಿಂತ ಇದೇ ಇಷ್ಟ, ಮೈಕಿನಲ್ಲಿ ಅರಚಬೇಕಾಗಿಲ್ಲ.

ವಾರಕ್ಕೊಮ್ಮೆ ಮನೆಯಲ್ಲಿ ಚಾರ್ಜರ್‌ಗೆ ಹಾಕಿ ರಾತ್ರಿಯಿಡೀ ಪೂರ್ತಿ ತುಂಬಿಸಿ. ನೀರು ತಿಂಗಳಿಗೊಮ್ಮೆ ನೋಡಿ, ಬೇಸಿಗೆಯಲ್ಲಿ ಹದಿನೈದು ದಿನಕ್ಕೆ. ಚಾರ್ಜ್ ಆದ ಮೇಲೆ ಹಾಕಿ, ಮೊದಲಲ್ಲ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆ್ಯಸಿಡ್ ಹೊರಗೆ ಚೆಲ್ಲುತ್ತದೆ. ಪ್ಲೇಟು ಕಾಣುವಷ್ಟು ಕೆಳಗಿದ್ದರೆ ಮಾತ್ರ ಮುಳುಗುವಷ್ಟು ಹಾಕಿ ಚಾರ್ಜಿಗೆ ಇಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರು ಕೊಡಕ್ಕೆ ಬಿಳಿ ಪದರ ಹಿಡಿಸುತ್ತದೆ, ಪ್ಲೇಟಿಗೆ ಏನು ಮಾಡೀತು ಊಹಿಸಿ. ಟರ್ಮಿನಲ್ ಮೇಲೆ ಹಸಿರು-ಬಿಳಿ ಹೂವು ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿ ಒಳಗೆ ಇಳಿಯಬಾರದು, ಮುಚ್ಚಳ ಬಿಗಿ ಇರಲಿ. ಎರೆ ಮಣ್ಣಿನ ಧೂಳನ್ನೂ ಒರೆಸಿ. ಅದು ಒದ್ದೆಯಾದರೆ ಪ್ಲಸ್‌ನಿಂದ ಮೈನಸ್‌ಗೆ ಸಣ್ಣಗೆ ಕರೆಂಟು ಹರಿಯುತ್ತಲೇ ಇರುತ್ತದೆ.

ಜಾತ್ರೆ ಸೀಸನ್ ಮುಗಿದ ಮೇಲೆ ಹಿಂದಿನ ಬ್ಯಾಟರಿಯನ್ನು ಸುಮ್ನೆ ಗಾಡಿಯಲ್ಲಿ ಬಿಡಬೇಡಿ, ಅರ್ಧ ಖಾಲಿ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಾವು ಎರಡೂ ಫ್ಯೂಸ್ ತೆಗೆದು, ಕೇಬಲ್ ತುದಿಗೆ ರಬ್ಬರ್ ಟೋಪಿ ಹಾಕಿ, ಬ್ಯಾಟರಿ ಇಳಿಸಿ ಮನೆಯ ಇನ್ವರ್ಟರಿಗೆ ಕೂಡಿಸುತ್ತೇವೆ. ಟ್ಯೂಬ್ಯುಲರ್ ತಗೊಂಡಿದ್ದಕ್ಕೆ ಅದೂ ಒಂದು ಕಾರಣ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಫ್ಯಾನ್ ತಿರುಗಿಸುತ್ತದೆ. ಬನದ ಹುಣ್ಣಿಮೆಗೆ ಎರಡು ವಾರ ಮೊದಲು ಮತ್ತೆ ಇಬ್ಬರು ಹಿಡಿದು ಡಾಲಾಕ್ಕೆ ಏರಿಸುತ್ತೇವೆ.